ಸಾಹೇಬರ ಭೇಟಿ ಬುಕ್ಕು

ಆಫೀಸಿನ ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಕೂತವನು ನಗುವ ಸಂಗತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತವೆ, ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬರುತ್ತವೆ. ನಾನು ಶಹಾಪುರದ ಒಂದು ಸರ್ಕಾರಿ ಆಫೀಸಿನ ಜವಾನ. ಓದಿದ್ದು ಮೂರನೇ ಕ್ಲಾಸು.

ಒಂದು ತಾಸಿನ ನಮಸ್ಕಾರ

ಮೇಲಿನಿಂದ ಹುಕುಂ ಬಂತು. ಟೆಂಡರ್ ಕರೆದ ಮೇಲೆ, ಅದು ಮುಗಿಯುವ ತನಕ, ಗುತ್ತಿಗೆದಾರರು ಸಾಹೇಬರನ್ನು ಎಲ್ಲೇ ಭೇಟಿಯಾದರೂ ಬರೆದಿಡಬೇಕು. ಯಾರು, ಎಷ್ಟು ಹೊತ್ತು, ಏನು ಮಾತು, ಎದುರಿಗೆ ಮೂರನೆಯವರು ಯಾರಿದ್ದರು. ಕೆಳಗೆ ಸಹಿ. ಬುಕ್ಕು ನನ್ನ ಕೈಗೆ ಕೊಟ್ಟರು. ಮೂರನೇ ಕ್ಲಾಸಿನವ ಏನು ಬರೆದಾನು ಅಂತ ಸಾಹೇಬರಿಗೆ ಧೈರ್ಯ.

ನನ್ನ ಹೆಂಡತಿ ಏಳನೇ ಕ್ಲಾಸು. ನನಗೆ ಅಕ್ಷರ ತಿದ್ದಿಸಿದವಳೇ ಅವಳು. ‘ಕಂಡದ್ದು ಬರೀರಿ, ಕಾಣಲಾರದ್ದು ಬರೀಬ್ಯಾಡ್ರಿ’ ಅಂದಳು.

ವನದುರ್ಗದ ರಸ್ತೆಗೆ ಟೆಂಡರ್ ಕರೆದಿದ್ದರು. ಒಬ್ಬ ಗುತ್ತಿಗೆದಾರ ಬಂದ. ಏನು ಮಾತು ಅಂತ ಕೇಳಿದೆ.

‘ನಮಸ್ಕಾರ ಹೇಳಾಕ ಬಂದೀನಿ. ಅಷ್ಟ ಬರಿ.’

ಬರೆದೆ. ಅವನು ಹೊರಗೆ ಬಂದಾಗ ಗಡಿಯಾರ ನೋಡಿ ಅದನ್ನೂ ಬರೆದೆ. ನಮಸ್ಕಾರ, ಒಂದು ತಾಸು ಹತ್ತು ನಿಮಿಷ.

ಸಾಹೇಬರು ನೋಡಿ ಕೆಂಪಾದರು. ‘ಅಲ್ಲೋ, ಇಷ್ಟೊತ್ತಿನ ನಮಸ್ಕಾರ ಯಾವುದಂತ ಮ್ಯಾಲಿನವರು ಕೇಳಿದ್ರ?’

‘ದೀಡ ನಮಸ್ಕಾರ ಅಂತೀನ್ರಿ. ಬಾಗಿಲಿನಿಂದ ಟೇಬಲ್ ತನಕ ಮಕ್ಕೊಂಡು ಎದ್ದು, ಮಕ್ಕೊಂಡು ಎದ್ದು ಬಂದ್ರು ಅಂತ.’

ನನ್ನ ಚಾ

ಅಂದಿನಿಂದ ಸಾಹೇಬರೂ ಆ ಗುತ್ತಿಗೆದಾರನೂ ಚಾದಂಗಡಿಯಲ್ಲಿ ಕೂಡತೊಡಗಿದರು. ನಾನು ಬುಕ್ಕು ಬಗಲಲ್ಲಿಟ್ಟುಕೊಂಡು ಹಿಂದೆಯೇ ಹೋದೆ.

‘ಯಪ್ಪಾ, ಚಾ ಕುಡ್ಯಾಕತ್ತೇವಿ!’ ಅಂದರು ಸಾಹೇಬರು.

‘ಎಲ್ಲೇ ಭೇಟಿಯಾದರೂ ಅಂತ ಹುಕುಂದಾಗ ಅದರಿ.’

ನನಗೂ ಒಂದು ಚಾ ಹೇಳಿದರು. ಕುಡಿದೆ. ಬರೆದೆ. ಏನು ಮಾತು: ನಾನು ಬಂದ ಕೂಡಲೇ ನಿಂತಿತು. ಮೂರನೆಯವರು: ಚಾದಂಗಡಿಯವ. ನನಗೂ ಒಂದು ಚಾ ಕೊಟ್ಟರು.

‘ಲೇ, ನಿನ್ನ ಚಾ ಯಾಕ ಬರದಿ?’

‘ಕುಡದೀನಲ್ರಿ.’

‘ಹಿಂಗ ಬರಕೋತ ಹೋದ್ರ ನಿನ್ನ ಗುರುಮಠಕಲ್‌ಗೆ ಒಗೀತೀನಿ ನೋಡು. ಅಲ್ಲಿ ಗಡಿಯಾಗ ಕುಂತು ತೆಲುಗಿನ್ಯಾಗ ಬರಿ!’

ನನಗೆ ಹೆದರಿಕೆ ಆಯಿತು. ಹೆಂಡತಿ ಹಾಸಿಗೆ ಹಿಡಿದಿದ್ದಳು. ಅವಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಮನೆಗೆ ಬಂದು ಮೆಲ್ಲಗೆ ಹೇಳಿದೆ. ಎಷ್ಟೋ ದಿನದ ಮೇಲೆ ಎದ್ದು ಕೂತಳು.

‘ನನ್ನ ತವರುಮನಿ ಅಲ್ಲೇ ಅದ ಅಂತ ಅವರ ಮುಂದ ಬಾಯಿ ಬಿಟ್ಟೀರಿ ಮತ್ತ. ಸುರಪುರಕ್ಕ ಹಾಕ್ಯಾರು!’

ಮಾತಾಡಿಸಲು ಬಂದವರು

ವರ್ಗ ಬರಲಿಲ್ಲ. ಅವಳೇ ಹೋದಳು.

ಮೂರನೇ ದಿನ ಸಾಹೇಬರು ಮಾತಾಡಿಸಲು ಬಂದರು. ಹಿಂದೆಯೇ ಆ ಗುತ್ತಿಗೆದಾರನೂ ಬಂದ. ಹೊರಗೆ ಕಟ್ಟೆಯ ತುಂಬ ಬೀಗರು. ಅವಳ ತಮ್ಮ ಗುರುಮಠಕಲ್‌ನಿಂದ ಬಂದಿದ್ದ, ಅವನೂ ಅಲ್ಲಿ ಜವಾನನೇ. ಹಿತ್ತಲಲ್ಲಿ ಚಾ ಕಾಸುತ್ತಿದ್ದ.

ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಸಮಾಧಾನ ಹೇಳಿದರು. ಆಮೇಲೆ ದನಿ ಇಳಿಯಿತು. ವನದುರ್ಗ ಅಂದದ್ದು ಕೇಳಿಸಿತು.

ನಾನು ಎದ್ದು ಬುಕ್ಕು ತಂದೆ. ಜಾಗ: ನನ್ನ ಮನೆ. ಏನು ಮಾತು: ನನ್ನ ಹೆಂಡತಿ ತೀರಿಕೊಂಡದ್ದು, ಐದು ನಿಮಿಷ. ವನದುರ್ಗದ ರಸ್ತೆ, ಇಪ್ಪತ್ತು ನಿಮಿಷ. ಮೂರನೆಯವರು?

ಸುತ್ತ ನೋಡಿದೆ. ಒಳಗೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ಫೋಟೋದಲ್ಲಿ ಅವಳಿದ್ದಳು. ಅವಳ ಹೆಸರು ಬರೆದೆ. ಬಾಯಿಂದ ಎಂದೂ ಅಂದಿದ್ದಿಲ್ಲ.

ಸಹಿಗೆ ಪೆನ್ನು ಕೊಟ್ಟೆ. ಸಾಹೇಬರು ಹಲ್ಲು ಕಡಿದರು. ಆದರೆ ಕಟ್ಟೆಯಿಂದ ಬೀಗರೆಲ್ಲ ನೋಡುತ್ತಿದ್ದರು, ಹೆಂಡತಿ ಸತ್ತವನನ್ನು ಬೈಯುವುದು ಹೇಗೆ? ಸಹಿ ಮಾಡಿದರು.

ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಕಣ್ಣೀರು ಒರೆಸಿಕೊಂಡಳು. ‘ನೋಡವ್ವಾ, ಎಂಥಾ ಸಾಹೇಬರು! ದುಃಖದಾಗ ಸಹಿ ಮಾಡಿಕೊಡಾಕತ್ಯಾರ.’

ಸಾಕ್ಷಿ

ಟೆಂಡರ್ ಆ ಗುತ್ತಿಗೆದಾರನಿಗೇ ಆಯಿತು ಅಂತ ಬೇರೆ ಗುತ್ತಿಗೆದಾರರು ತಕರಾರು ಮಾಡಿದರು. ಬುಕ್ಕು ಯಾದಗಿರಿಗೆ, ಜಿಲ್ಲಾ ಆಫೀಸಿಗೆ ಹೋಯಿತು. ಅಲ್ಲಿಂದ ನನ್ನ ಹೆಂಡತಿಯ ಹೆಸರಿಗೆ ನೋಟಿಸು ಬಂತು. ಸಾಕ್ಷಿ ಖುದ್ದಾಗಿ ಹಾಜರಿರಬೇಕು.

ಸರ್ಕಾರದ ಮಾತು. ಫೋಟೋ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಎಷ್ಟು ಮಂದಿ ಅಂದ. ರೂಢಿ, ಇಬ್ಬರು ಅಂದುಬಿಟ್ಟೆ. ಇನ್ನೊಬ್ಬರೆಲ್ಲಿ ಅಂದ. ಟವೆಲ್ ಸರಿಸಿ ತೋರಿಸಿದೆ.

ಟವೆಲ್ ತಾನೇ ಮತ್ತೆ ಹೊದಿಸಿದ. ‘ಹೆಣ್ಣಮಕ್ಕಳಿಗೆ ಫ್ರೀ ಅದ ಯಜಮಾನ. ನಿಂದೊಂದ ತಗೋ.’

ವಿಚಾರಣೆಗೆ ಕೂತಿದ್ದವರು ಒಬ್ಬ ಮೇಡಂ. ಸಾಕ್ಷಿ ಎಲ್ಲಿ ಅಂದರು. ಟೇಬಲ್ ಮೇಲೆ ಇಟ್ಟೆ.

‘ಏನಿದು? ಇವರು ಅಲ್ಲಿದ್ದರು ಅಂತ ಸುಳ್ಳು ಬರೆದೀಯಲ್ಲ?’

‘ಗ್ವಾಡಿ ಮ್ಯಾಲ ಇದ್ದಳ್ರಿ. ಕಂಡದ್ದು ಬರದೀನಿ.’

ಪಕ್ಕದಲ್ಲಿ ಕೂತಿದ್ದ ಸಾಹೇಬರಿಗೆ ತಡೆಯಲಾಗಲಿಲ್ಲ, ಎದ್ದು ನಿಂತರು. ‘ಮೇಡಂ, ಇವ ಬರೆದದ್ದೆಲ್ಲಾ ಖೊಟ್ಟಿರಿ! ಐದು ನಿಮಿಷ ಅಂತ, ನಾನೇನು ಮನುಷ್ಯ ಅಲ್ಲೇನ್ರಿ? ಹತ್ತು ನಿಮಿಷ ಸಮಾಧಾನ ಹೇಳೀನಿ!’

‘ಹಂಗಾದ್ರ ರಸ್ತೆ ಮಾತು ಹದಿನೈದ ನಿಮಿಷ ಏನ್ರಿ?’ ಅಂತ ನಾನು ಕೇಳಿದೆ.

‘ಹೌದ್ರಿ!’ ಅಂದರು ಸಾಹೇಬರು. ಆಮೇಲೆ ಫೋಟೋ ಕಡೆ ನೋಡಿದರು. ಆಮೇಲೆ ಕೂತರು.

ಟೆಂಡರ್ ಮತ್ತೆ ಕರೆದರು. ನಾನು ಇಲ್ಲೇ ಉಳಿದೆ. ಗುರುಮಠಕಲ್‌ಗೆ ಸಾಹೇಬರು ಹೋದರು.

ಮೊನ್ನೆ ಅವರ ಫೋನ್ ಬಂತು. ‘ಲೇ, ಇಲ್ಲಿ ಬುಕ್ಕು ಹಿಡದಾವ ನಿನ್ನ ಹೆಂಡ್ತಿ ತಮ್ಮ ಅಂತಲ್ಲೋ! ನಿನ್ನಿ ತಾ ಕುಡದ ಚಾ ಸೈತ ಬರದಾನ. ಯಾರು ಕಲಿಸ್ಯಾರಲೇ ಅಂದ್ರ, ನಮ್ಮಕ್ಕ ಅಂತಾನ!’