ಗ್ರಹದರ್ಶನ

ಎಲ್ಲ ಎಡವಟ್ಟಿಗೂ ಮೂಲ, ಯತೀಶ್ ಮೇಷ್ಟ್ರು ಬೆಳಗ್ಗೆ ಶಾಲೆಯ ಗೇಟಿನ ಹಲಗೆಯ ಮೇಲೆ ಬರೆದ ಒಂದೇ ಒಂದು ಸಾಲು: 'ಇಂದು ಮಧ್ಯಾಹ್ನ ಕತ್ತಲೆ ಕೊಠಡಿಯಲ್ಲಿ ಗ್ರಹದರ್ಶನ. ಎಲ್ಲರಿಗೂ ಸ್ವಾಗತ.'

'ಎಲ್ಲರಿಗೂ' ಅಂದರೆ ಅಕ್ಕಪಕ್ಕದ ಶಾಲೆಗಳ ಮಕ್ಕಳು ಮತ್ತು ಶಿಕ್ಷಕರು ಅಂತ ಅವನ ಲೆಕ್ಕ. ಆದರೆ ಆತಗೂರಿನಾಚೆಯ ಆ ಊರಿನಲ್ಲಿ ಹಲಗೆಯನ್ನು ಮೊದಲು ಓದಿಸಿಕೊಂಡವಳು ಬಿಸಿಯೂಟ ಬೇಯಿಸುವ ಸಣ್ಣತಾಯಮ್ಮ. ಗ್ರಹ ಎಂಬುದು ಅವಳ ಬಾಯಲ್ಲಿ ಗರವಾಯಿತು. ಗರ ಅಂದರೆ ದೆವ್ವಪೀಡೆ. ಅದು ಬಡಿದರೆ ಏನಾಗುತ್ತದೆಂದು ಊರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಕರೆದು ತೋರಿಸಿದವರು ಮಾತ್ರ ಇದುವರೆಗೆ ಯಾರೂ ಇರಲಿಲ್ಲ.

"ಗರ ತೋರುಸ್ತಾರಂತೆ ಕಣ್ರವ್ವಾ! ಅದೂ ಆ ರೂಮ್ನಲ್ಲೇ!" ಎಂದು ಅವಳು ಬೀದಿಯುದ್ದಕ್ಕೂ ಸಾರಿಕೊಂಡು ಬಂದಳು.

'ಆ ರೂಮು' ಶಾಲೆಯ ಹಿಂದೆ ಒಂಟಿಯಾಗಿ ನಿಂತಿತ್ತು. ಹಿಂದೊಮ್ಮೆ ಅಲ್ಲಿ ನಶ್ಯ ಏರಿಸುತ್ತ ಪಾಠ ಹೇಳುತ್ತಿದ್ದ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಅರ್ಧ ಲೆಕ್ಕ ಬಿಟ್ಟು ಮನೆಗೆ ಹೋದವರು ಮರಳಿ ಬರಲೇ ಇಲ್ಲ. ಮಲಗಿದಲ್ಲೇ ತೀರಿಕೊಂಡಿದ್ದರು. ಉಳಿದರ್ಧ ಮುಗಿಸಲು ಅವರು ಈಗಲೂ ಬರುತ್ತಾರೆ, ಮುಚ್ಚಿದ ಬಾಗಿಲ ಹಿಂದೆ ಸೀಮೆಸುಣ್ಣ ಕಿರ್ರ್ ಎನ್ನುತ್ತದೆ ಅಂತ ಊರು ನಂಬಿತ್ತು. ಅತ್ತ ಚೆಂಡು ಹೋದರೆ ಮಕ್ಕಳು ಬೇರೆ ಚೆಂಡು ಕೊಳ್ಳುತ್ತಿದ್ದರು.

ಯತೀಶನಿಗೆ ಆ ಕೊಠಡಿ ಬೇಕೇ ಬೇಕಿತ್ತು. ಮಂಡ್ಯದಿಂದ ವ್ಯಾನಿನಲ್ಲಿ ಬರುತ್ತಿದ್ದ ವಿಜ್ಞಾನ ತಂಡ ಒಂದು ದೂರದರ್ಶಕವನ್ನೂ ಪೆಟ್ಟಿಗೆ ತುಂಬ ಉಪಕರಣಗಳನ್ನೂ ಪ್ರತ್ಯೇಕ ಪ್ರಯೋಗಾಲಯವಿರುವ ಶಾಲೆಗೆ ಬಿಟ್ಟುಹೋಗುವುದಾಗಿ ಹೇಳಿತ್ತು. ವಿಜ್ಞಾನದ ಮೇಷ್ಟ್ರಾಗಿ ಈ ಶಾಲೆಗೆ ಬಂದ ದಿನದಿಂದ ಚೊಂಬಿನ ನೀರಿಗೆ ಪೆನ್ಸಿಲ್ ಅದ್ದಿ 'ಬೆಳಕು ಬಾಗಿತು ನೋಡ್ರೋ' ಅಂದು ಅಂದು ಅವನಿಗೆ ನಾಚಿಕೆಯಾಗಿತ್ತು. ಹಾಗಾಗಿ ಮುಖ್ಯಶಿಕ್ಷಕಿ ಶಶಿರೇಖಾ ಅವರನ್ನು ಕಾಡಿ ಬೇಡಿ ಬೀಗ ತೆಗೆಸಿ, ತಾನೇ ಕಸ ಗುಡಿಸಿ, ಬೋರ್ಡು ಒರೆಸಿ, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದ.

ತಂಡದ ಅರುಂಧತಿ ವ್ಯಾನಿನಿಂದಿಳಿದಾಗ ಅಂಗಳದ ತುಂಬ ಜನ. ಕೆಲವರ ಕೈಯಲ್ಲಿ ನಿಂಬೆಹಣ್ಣು, ಕೆಲವರ ಕೈಯಲ್ಲಿ ಬೇವಿನ ಸೊಪ್ಪು, ಒಬ್ಬಾಕೆಯ ಕೈಯಲ್ಲಿ ಹಳೇ ಪೊರಕೆ.

"ಇದೇನ್ ಸಾರ್! ಖಗೋಳದ ಮೇಲೆ ಇಷ್ಟು ಆಸಕ್ತಿ ನಮ್ಮ ಮಂಡ್ಯದಲ್ಲೂ ನೋಡಿಲ್ಲ," ಎಂದು ಆಕೆ ಹಿಗ್ಗಿದಳು. ಯತೀಶ್ ಪೆಚ್ಚಾಗಿ ನಕ್ಕ.

ಬಾಗಿಲು ಮುಚ್ಚಿತು. ಕತ್ತಲೆಯಲ್ಲಿ ಅರುಂಧತಿಯ ಪ್ರೊಜೆಕ್ಟರ್ ಹೊತ್ತಿ ಗೋಡೆಯ ಮೇಲೆ ಕೆಂಪಗೆ, ದುಂಡಗೆ ಮಂಗಳ ಮೂಡಿತು.

"ಇದ್ಯಾರ ಮೊಕವ್ವಾ? ಕಣ್ಣೇ ಇಲ್ವಲ್ಲ!" ಎಂದಿತು ಸಣ್ಣತಾಯಮ್ಮನ ದನಿ.

"ಈಗ ನೋಡಿ, ಶನಿ ಬರ್ತಾನೆ," ಎಂದಳು ಅರುಂಧತಿ. ಅರ್ಧ ಜನ ಎದ್ದು ನಿಂತರು. ಯಾರೋ ನಿಂಬೆಹಣ್ಣು ತುಳಿದು ಹಿಂಡಿದರು. ಆಗಲೇ ಕೇಳಿಸಿತು, ಕಿರ್ರ್... ಕಿರ್ರ್... ಬೋರ್ಡಿನ ಕಡೆಯಿಂದ, ಯಾರೋ ನಿಧಾನವಾಗಿ, ಶ್ರದ್ಧೆಯಿಂದ ಬರೆಯುತ್ತಿರುವ ಹಾಗೆ.

ಆಮೇಲಾದ ನೂಕುನುಗ್ಗಲನ್ನು ಹೇಳಿ ಪ್ರಯೋಜನವಿಲ್ಲ. ಶನಿ ಕಕ್ಕಾಬಿಕ್ಕಿಯಾಗಿ ಗೋಡೆಯ ಮೇಲೆ ಉಳಿದ, ಜನ ಅಂಗಳದಲ್ಲಿದ್ದರು. ಯತೀಶನ ಎದೆಯೂ ಢವಗುಟ್ಟುತ್ತಿತ್ತು, ಆದರೆ ದೂರದರ್ಶಕ ಕೈಬಿಟ್ಟು ಹೋಗುವ ಭಯ ಅದಕ್ಕಿಂತ ದೊಡ್ಡದು. ಹಿತ್ತಿಲಿಗೆ ಓಡಿ ನೋಡಿದ. ಹೊಂಗೆಮರದ ಕೊಂಬೆಯೊಂದು ಬೋರ್ಡಿನ ಪಕ್ಕದ ಕಿಟಕಿಯ ತಗಡಿಗೆ ಉಜ್ಜುತ್ತಿತ್ತು.

"ನೋಡಿ! ಗಾಳಿ ಬೀಸುತ್ತೆ, ಘರ್ಷಣೆ ಆಗುತ್ತೆ, ಶಬ್ದ ಬರುತ್ತೆ. ಇಷ್ಟೇ!" ಎಂದು ಎಲ್ಲರೆದುರು ಕೊಂಬೆಯನ್ನು ಲಟಕ್ಕನೆ ಮುರಿದ. ಶಬ್ದ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಪೊರಕೆಯಾಕೆ ಪೊರಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಯತೀಶನಿಗೆ ಜನ್ಮ ಸಾರ್ಥಕವೆನಿಸಿತು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಿದ್ದರಾಮು. ಶಾಲಾ ಸಮಿತಿಗೂ ಅವನೇ ಅಧ್ಯಕ್ಷ, ಊರಿನ ಹಾಲಿನ ಡೈರಿಗೂ ಅವನೇ ಅಧ್ಯಕ್ಷ. ಆ ಕೊಠಡಿ ಕಟ್ಟಿಸಿಕೊಟ್ಟಿದ್ದು ಅವನಪ್ಪ.

"ಅಂಗಾರೆ ಗರಗಿರ ಏನೂ ಇಲ್ಲ ಅಂತಾಯ್ತು! ಒಳ್ಳೇ ಕೆಲ್ಸ ಮಾಡುದ್ರಿ ಸಾ. ಜಾಗಿಲ್ದೆ ನಮ್ ಡೈರಿ ಕ್ಯಾನೆಲ್ಲ ಜಗಲಿ ಮ್ಯಾಲೆ ಕುಂತವೆ. ಲೇ, ಇವತ್ತೇ ತಂದು ಇಲ್ಲಿ ಜೋಡುಸ್ರಲಾ!"

"ಅಧ್ಯಕ್ಷರೇ, ಇದು ಪ್ರಯೋಗಾಲಯಕ್ಕೆ..."

"ಮಕ್ಳು ಮರದಡೀಲೂ ಕಲೀತವೆ ಬುಡಿ ಸಾ. ಆಲು ಮರದಡೀಲಿ ಒಡ್ದೋಯ್ತದೆ."

ಯತೀಶ್ ಶಶಿರೇಖಾ ಅವರ ಮುಖ ನೋಡಿದ. ಅವರು ಹೊಂಗೆಮರದ ಮುಖ ನೋಡಿದರು. ಅರುಂಧತಿ ಮೆಲ್ಲಗೆ, "ಕೊಠಡಿ ಇಲ್ಲ ಅಂದ್ರೆ ಪೆಟ್ಟಿಗೆ ಮಳವಳ್ಳಿ ಕಡೆಯ ಶಾಲೆಗೆ ಹೋಗುತ್ತೆ ಸಾರ್," ಎಂದಳು.

ದೆವ್ವ ಇದ್ದಷ್ಟು ದಿನ ಯಾರೂ ಕಣ್ಣೆತ್ತಿ ನೋಡದ ಕೊಠಡಿ! ಅದನ್ನು ಕಾಯುತ್ತಿದ್ದವರನ್ನು ತಾನೇ ಓಡಿಸಿದೆನಲ್ಲ ಎಂದು ಅವನ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಒಂದು ಉಪಾಯ ಹೊಳೆಯಿತು. ಪರದೆ ಬಿಚ್ಚಿ ತರುತ್ತೇನೆಂದು ಒಳಹೊಕ್ಕು ಬಾಗಿಲು ಹಾಕಿಕೊಂಡ. ದೇವರನ್ನೂ ನಂಬದ ಮನುಷ್ಯ ದೆವ್ವದ ಬದಲಿ ಡ್ಯೂಟಿಗೆ ನಿಂತ.

ಪ್ರೊಜೆಕ್ಟರ್ ಆರಿಸಿದ್ದರು, ಒಳಗೆ ಗವ್ವೆನ್ನುವ ಕತ್ತಲೆ. ಜೇಬಿನಿಂದ ಸೀಮೆಸುಣ್ಣ ತೆಗೆದು ತಡಕಾಡುತ್ತ ಬೋರ್ಡಿನ ಮೇಲೆ ಒತ್ತಿ ಒತ್ತಿ ಬರೆದ. ಲೆಕ್ಕದ ಮೇಷ್ಟ್ರ ದೆವ್ವ ಅಂದಮೇಲೆ ಲೆಕ್ಕವೇ ಬರೆಯಬೇಕಷ್ಟೆ. ಹದಿನೇಳಾರಲೆ ಎಂದು ಶುರುಮಾಡಿ ನೂರಾಹನ್ನೆರಡು ಎಂದು ಗೀಚಿದ. ಕಿರ್ರ್... ಕಿರ್ರ್... ಹೊರಗೆ ಮಾತು ನಿಂತಿತು. ಸಾಕೆಂದು ಕೈ ತೆಗೆದ.

ಶಬ್ದ ನಿಲ್ಲಲಿಲ್ಲ.

ಕೈ ಕೆಳಗಿದೆ, ಸೀಮೆಸುಣ್ಣ ಮುಷ್ಟಿಯೊಳಗಿದೆ, ಆದರೂ ಬೋರ್ಡಿನ ಮೇಲೆ ಕಿರ್ರ್... ಕಿರ್ರ್... ಎಲ್ಲಿಂದಲೋ ನಶ್ಯದ ವಾಸನೆ ಬಂತು. ಬಲಗಿವಿಯ ಹತ್ತಿರ ಯಾರೋ ಬೇಸರದಿಂದ ಉಸಿರು ಬಿಟ್ಟಂತಾಯಿತು, ದಡ್ಡ ಹುಡುಗನ ಹಿಂದೆ ನಿಂತವರು ಬಿಡುತ್ತಾರಲ್ಲ, ಹಾಗೆ. ಮೊಬೈಲಿನ ಬೆಳಕು ಹಾಕಿದ. ಅವನ ನೂರಾಹನ್ನೆರಡರ ಮೇಲೆ ಓರೆಗೆರೆ ಬಿದ್ದಿತ್ತು. ಕೆಳಗೆ ದುಂಡಗಿನ ಅಕ್ಷರದಲ್ಲಿ ೧೦೨. ಪಕ್ಕದಲ್ಲಿ ಸಣ್ಣಗೆ: 'ಗಮನವಿಟ್ಟು ಮಾಡು.'

ಯತೀಶ್ ಬಾಗಿಲಿಗೆ ಢಿಕ್ಕಿ ಹೊಡೆದು ಅಂಗಳಕ್ಕೆ ಬಿದ್ದ. "ಇದಾರೆ! ಒಳಗೆ ಇದಾರೆ! ನಿಜವಾಗ್ಲೂ ಇದಾರೆ!"

ಯಾರೂ ಓಡಲಿಲ್ಲ. ಸಣ್ಣತಾಯಮ್ಮ ಕನಿಕರದಿಂದ ಅವನ ಬೆನ್ನ ಮೇಲಿನ ಧೂಳು ಕೊಡವಿದಳು.

"ಕೊಂಬೆ ಕಣ್ ಮೇಸ್ಟ್ರೇ. ನೀವ್ ಮುರುದ್ರಲ್ಲ, ಅದ್ರ ಮೋಟು ಒರುಸ್ತಾ ಅದೆ. ಎದುರ್ಕಬ್ಯಾಡಿ."

"ಗಾಳಿ ಬೀಸ್ತದೆ, ಗರ್ಸಣೆ ಆಯ್ತದೆ, ಸಬ್ದ ಬತ್ತದೆ," ಎಂದ ಸಿದ್ದರಾಮು. "ನೀವೇ ತಾನೆ ಯೋಳ್ಕೊಟ್ಟುದ್ದು?"

ಶಶಿರೇಖಾ ಒಳಗೆ ಇಣುಕಿ ಬೋರ್ಡು ನೋಡಿ ಬಂದರು. "ಸದ್ಯ, ತಪ್ಪನ್ನ ನೀವೇ ತಿದ್ದಿದೀರಲ್ಲ ಸರ್. ಮಕ್ಕಳು ನೋಡಿದ್ರೆ ಮರ್ಯಾದೆ ಏನಾಗೋದು?"

"ತಿದ್ದಿದ್ದು ನಾನಲ್ಲ ಮೇಡಂ!"

"ಕೈಯಲ್ಲಿ ಸೀಮೆಸುಣ್ಣ ಇದೆಯಲ್ಲ ಸರ್," ಎಂದರು ಅವರು, ಮಕ್ಕಳಿಗೆ ಹೇಳುವಷ್ಟೇ ಮೃದುವಾಗಿ.

ಅರುಂಧತಿ ಅವನ ಕೈ ಕುಲುಕಿ, ಒಂದೇ ಮಧ್ಯಾಹ್ನದಲ್ಲಿ ಇಡೀ ಊರಿಗೆ ವೈಜ್ಞಾನಿಕ ಮನೋಭಾವ ಬಂದದ್ದನ್ನು ತಾನೆಲ್ಲೂ ಕಂಡಿಲ್ಲ ಎಂದು ಕಣ್ಣು ತುಂಬಿಕೊಂಡಳು. ಪೆಟ್ಟಿಗೆ, ದೂರದರ್ಶಕ, ಶನಿ ಎಲ್ಲವೂ ವ್ಯಾನು ಹತ್ತಿ ಮಳವಳ್ಳಿಯ ದಾರಿ ಹಿಡಿದವು. ಹಿಂದೆಯೇ ಡೈರಿಯ ಕ್ಯಾನುಗಳು ಖಣಖಣ ಎನ್ನುತ್ತ ಬಂದವು.

ಕೊನೆಗೆ ಸಿದ್ದರಾಮು ಬೀಗದಕೈಯನ್ನು ಯತೀಶನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಆಲು ಆಕೋ ಎಂಗಸ್ರು ವಸಿ ದಿನ ಅಳುಕ್ತಾರೆ ಸಾ. ನೀವೇ ದಿನಾ ಕೋಳಿ ಕೂಗೋ ವತ್ಗೆ ಮುಂಚೆ ಬಂದು, ಬೀಗ ತಗ್ದು, ಒಳ್ಗೆ ಒಬ್ರೇ ಕುಂತಿರಿ. ಅವ್ರಿಗೂ ಧೈರ್ಯ ಬತ್ತದೆ. ಈ ಊರಲ್ಲಿ ಗರಕ್ಕೆ ಎದುರ್ದೇ ಇರೋ ಗಂಡ್ಸು ಅಂದ್ರೆ ನೀವೊಬ್ರೇಯ."

ಯತೀಶ್ ಬೀಗದಕೈ ಜೇಬಿಗೆ ಹಾಕಿಕೊಂಡ. ಮನೆ ಮುಟ್ಟುವ ತನಕ ದಾರಿಯುದ್ದಕ್ಕೂ ಹದಿನೇಳರ ಮಗ್ಗಿ ಬಾಯಿಪಾಠ ಮಾಡುತ್ತ ನಡೆದ.