ಹನ್ನೊಂದು ಬಾಯಿಯ ಗಿರಣಿ

ನನ್ನ ಸೋದರತ್ತೆ ಒಂದು ಸಿಳ್ಳೆ ಹಾಕಿದರೆ ಸಾಕು, ತಹಶೀಲ್ದಾರರು ಓಡಿ ಬಂದು ಬಾಲ ಅಲ್ಲಾಡಿಸುತ್ತಾರೆ. ಹೆಡ್‌ಮಾಸ್ತರರು ಅಂಗಳದಲ್ಲಿ ಅಂಗಾತ ಬಿದ್ದು, ಹೊಟ್ಟೆ ಕೆರೆಯಿರಿ ಎಂದು ನಾಲ್ಕೂ ಕಾಲು ಮೇಲೆತ್ತುತ್ತಾರೆ. ಇನ್ಸ್‌ಪೆಕ್ಟರರಿಗೆ ಹೋದ ವರ್ಷದಿಂದ ಒಂದು ಕಾಲೇ ಇಲ್ಲ. ಡಿ.ಸಿ. ಸಾಹೇಬರಿಗಂತೂ ಎರಡೂ ಕಣ್ಣು ಕಾಣಿಸುವುದಿಲ್ಲ! ಗಾಬರಿಯಾಗಬೇಡಿ, ಸರಕಾರಕ್ಕೆ ಏನೂ ಆಗಿಲ್ಲ. ಇವೆಲ್ಲ ಅತ್ತೆ ಸಾಕಿದ ನಾಯಿಗಳ ಹೆಸರು.

ಅತ್ತೆ ದೋರನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸರಕಾರಿ ನರ್ಸ್ ಆಗಿದ್ದವಳು. ಮದುವೆಯಾಗಲಿಲ್ಲ. ರಿಟೈರ್ ಆದ ಮೇಲೆ ಶಹಾಪುರದ ಅಂಚಿನ ಒಂದು ಬಡಾವಣೆಯಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿದಳು. ಟ್ರ್ಯಾಕ್ಟರಿಗೆ ಸಿಕ್ಕಿದ್ದು, ಬಾವಿಗೆ ಬಿದ್ದದ್ದು, ಮುದಿಯಾಯಿತೆಂದು ಯಾರೋ ಬಿಟ್ಟುಹೋದದ್ದು, ಹೀಗೆ ಒಂದೊಂದೇ ಬಂದು ಹನ್ನೊಂದಾದವು. ಹೆಸರುಗಳ ಬಗ್ಗೆ ಕೇಳಿದರೆ ಅವಳ ಉತ್ತರ ಸಿದ್ಧ: "ಸರ್ವೀಸಿನ್ಯಾಗ ಅವರು ಕರದಲ್ಲೆಲ್ಲ ನಾ ಓಡೀನಿ. ಈಗ ನಾ ಕರದ್ರ ಅವರು ಓಡಿ ಬರ್ಲಿ!"

ನಾಯಿಗಳಿಗೆ ಅವಳು ಕೊಡುವ ಮರ್ಯಾದೆಯಲ್ಲಿ ಕಾಲುಭಾಗವೂ ನಮಗೆ ಸಿಕ್ಕಿಲ್ಲ. ಡಿ.ಸಿ. ಸಾಹೇಬರಿಗೆ "ಉಂಡ್ರೇನ್ರಿ? ಬಿಸಲಾಗ ಕುಂದರಬ್ಯಾಡ್ರಿ" ಎನ್ನುತ್ತಾಳೆ. ಯಾದಗಿರಿಯಿಂದ ಬಸ್ಸಿನಲ್ಲಿ ಬೆವರಿಳಿಸಿಕೊಂಡು ಬಂದ ನನಗೆ, "ಏ ಮಬ್ಬಾ, ಚಪ್ಪಲಿ ಹೊರಗ ಬಿಡು!" ನನಗೋ ನಾಯಿ ಎಂದರೆ ಎದೆ ಡವಡವ. ಚಿಕ್ಕವನಿದ್ದಾಗ ಒಂದು ನಾಯಿ ಕಚ್ಚಿತ್ತು. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಹದಿನಾಲ್ಕನ್ನೂ ಚುಚ್ಚಿದವಳು ಇದೇ ಅತ್ತೆ. ಆಮೇಲೆ ಬಹಳ ವರ್ಷ ನನಗೆ ಯಾರನ್ನು ಕಂಡರೆ ಹೆಚ್ಚು ಅಂಜಿಕೆ ಎಂಬುದೇ ತಿಳಿಯಲಿಲ್ಲ.

ಇಂಥ ಅತ್ತೆ ಒಂದು ದಿನ ಫೋನ್ ಮಾಡಿ, "ನೋಟೀಸ್ ಬಂದದ. ಮೂರು ದಿನ ರಜಾ ಹಾಕಿ ಜಲ್ದಿ ಬಾ" ಎಂದಳು. ನಾನು ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಕಾಗದ ಓದಲು ಬರುವವನು ವಂಶದಲ್ಲಿ ನಾನೊಬ್ಬನೇ ಎಂದು ಅವಳ ನಂಬಿಕೆ ಇರಬೇಕು ಎಂದುಕೊಂಡು ಹೊರಟೆ. ಓದಿದೆ. ಜನವಸತಿಯಲ್ಲಿ ಇಷ್ಟು ನಾಯಿಗಳನ್ನು ಸಾಕಲು ಪರವಾನಗಿ ಬೇಕು. ಚೆಕ್ಕುಬಂದಿಯ ನಾಲ್ಕೂ ದಿಕ್ಕಿನವರ ಒಪ್ಪಿಗೆ ಪತ್ರ ಬೇಕು. ಹದಿನೈದು ದಿನದಲ್ಲಿ ತರದಿದ್ದರೆ ನಾಯಿಗಳನ್ನು ಅಲ್ಲಿಂದ ಸಾಗಿಸಲಾಗುವುದು. ತಕರಾರು ಕೊಟ್ಟವರು ಮೂಡಣ ಮನೆಯ ಮಾಸ್ತರರು.

"ಸಾಗಸ್ತಾರಂತ! ಕಣ್ಣಿಲ್ಲದ ಸಾಹೇಬ್ರು ಎಲ್ಲಿಗಿ ಹೋಗ್ತಾರೋ? ಈ ಅಂಗಳದಾಗ ನೀರಿನ ಬಾನಿ ಎಲ್ಲೈತಿ ಅನ್ನೋದು ಬಿಟ್ರ ಅವ್ರಿಗಿ ಜಗತ್ತಿನ್ಯಾಗ ಏನೂ ಗೊತ್ತಿಲ್ಲ" ಎಂದಳು ಅತ್ತೆ. ಸಾವಿರ ಹೆರಿಗೆ ಮಾಡಿಸಿದ ಹೆಂಗಸು ಅವತ್ತು ನನಗೆ 'ಮಬ್ಬಾ' ಎನ್ನುವುದನ್ನೂ ಮರೆತಳು.

ಮರುದಿನ ನೋಟೀಸ್ ಕಳಿಸಿದ ನಗರಸಭೆ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಪಾಪ, ಒಳ್ಳೆಯವರು. "ಅಮ್ಮಾ, ನಾಯಿ ಸಾಕಾಕ ಇಲ್ಲಿ ತನಕ ಯಾರೂ ಅರ್ಜಿ ಹಾಕಿಲ್ರಿ. ಅಂಥಾ ಫಾರಂ ನಮ್ಮ ಕಡಿ ಇಲ್ಲ" ಎಂದರು. ಅತ್ತೆ ಮೇಜಿನ ಮೇಲಿನ ಫಾರಂಗಳನ್ನೆಲ್ಲ ಕೆದಕಿ ಒಂದನ್ನು ಎಳೆದಳು. ಅದು ಹಿಟ್ಟಿನ ಗಿರಣಿಯದು!

"ಅತ್ತಿ, ಇದು ಗಿರಣಿ ಫಾರಂ!"

"ಅದೂ ಸದ್ದು ಮಾಡ್ತದ, ಇವೂ ಸದ್ದು ಮಾಡ್ತಾವ. ಅದೂ ಜ್ವಾಳ ನುಂಗ್ತದ, ಇವೂ ನುಂಗ್ತಾವ. ಮತ್ತೇನ್ ಫರಕ್ ಅದನೋ ಮಬ್ಬಾ?"

ಗುಮಾಸ್ತರು ನಕ್ಕು, 'ಗಿರಣಿ' ಎಂಬುದನ್ನು ಹೊಡೆದು 'ನಾಯಿ ಸಾಕಣೆ' ಎಂದು ಬರೆದುಕೊಳ್ಳಲು ಒಪ್ಪಿದರು. ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತು ತುಂಬಿದಳು. ಮೋಟಾರಿನ ಶಕ್ತಿ ಎಷ್ಟು? 'ಹನ್ನೊಂದು ಬಾಯಿ.' ಕೆಲಸದ ವೇಳೆ? 'ಹಗಲು ರಾತ್ರಿ.' ಶಬ್ದ ನಿಯಂತ್ರಣಕ್ಕೆ ಕೈಗೊಂಡ ಕ್ರಮ? 'ಬೈಯುವುದು.' ಕಟ್ಟಕಡೆಯ ಕಾಲಂ ಒಂದು ಖಾಲಿ ಉಳಿದಿತ್ತು. ಬೆರಳಿಟ್ಟು ತೋರಿಸಿದೆ. "ಅದು ಕಡೀಗಿ ನೋಡೋಣು, ಬಿಡು" ಎಂದು ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಇನ್ನು ಒಪ್ಪಿಗೆ ಪತ್ರ. ತೆಂಕಣ ದಿಕ್ಕಿಗೆ ರಸ್ತೆ, ಅದು ಸರಕಾರದ್ದು, ಮಾತಾಡುವುದಿಲ್ಲ. ಬಡಗಣ ದಿಕ್ಕಿಗೆ ಜಾಲಿ ಬೆಳೆದ ಖಾಲಿ ಪ್ಲಾಟು. ಅದರ ಧಣಿ ಸುರಪುರದ ಒಬ್ಬ ಕಿರಾಣಿ ಸಾಹುಕಾರ. ಹೋದೆವು. ಸಾಹುಕಾರ ಕನ್ನಡಕ ಮೇಲೇರಿಸಿ, "ಶಹಾಪುರದಾಗ ನಂದೊಂದು ಪ್ಲಾಟ್ ಅದ ಏನ್ರಿ?" ಎಂದು ನಮ್ಮನ್ನೇ ಕೇಳಬೇಕೆ! ಒಳಗಿನಿಂದ ಹೆಂಡತಿಯ ದನಿ ಬಂತು: "ಅದು ನನ್ನ ಹೆಸರಿಲೆ ಅದ. ಅದಕ್ಕ ನೀವು ಮರತೀರಿ, ನಾ ಮರತಿಲ್ಲ!" ಆಕೆಯೇ ಹೊರಗೆ ಬಂದು, ನಾಯಿಗಳಿದ್ದರೆ ತನ್ನ ಜಾಗ ಯಾರೂ ಒತ್ತುವುದಿಲ್ಲ ಎಂದು ಖುಷಿಯಿಂದ ಸಹಿ ಹಾಕಿ, ಮಂಡಾಳ ಒಗ್ಗರಣೆ ತಿನ್ನಿಸಿ ಕಳಿಸಿದಳು. ಸಾಹುಕಾರ ಮಾತ್ರ ನಾವು ಬಸ್ ಹತ್ತುವ ತನಕ ಆ ಪ್ಲಾಟಿನ ಅಳತೆ ಕೇಳುತ್ತಲೇ ಇದ್ದ.

ಪಡುವಣಕ್ಕೆ ಬಳೆ ಅಂಗಡಿಯ ನೀಲಮ್ಮ. ಆಕೆ ತಲೆ ಅಲ್ಲಾಡಿಸಿದಳು. "ಬಳಿ ಏರಸೂ ಹೊತ್ತಿಗೆ ನಿಮ್ಮ ತಹಶೀಲ್ದಾರ ಬೊಗಳ್ತಾನ್ರಿ ನರ್ಸಬಾಯಿ. ಹೆಣಮಕ್ಕಳು ಗಪ್ಪನ ಕೈ ಎಳಕೋತಾರ. ಡಜನ್ನಿಗಿ ನಾಕು ಒಡೀತಾವ. ನಾ ಹ್ಯಾಂಗ ಸಹಿ ಮಾಡ್ಲಿ?" ನ್ಯಾಯವೇ. ಅತ್ತೆ ಪತ್ರ ಮಡಚಿಕೊಂಡು ಎದ್ದಳು.

ಮೂಡಣದ ಮಾಸ್ತರರು ಪಡಸಾಲೆಯಲ್ಲಿ ಬಿಳಿ ಧೋತರ ಉಟ್ಟು ಕೂತಿದ್ದರು. ಅವರ ದುಃಖವೇ ಬೇರೆ.

"ನರ್ಸಬಾಯರ, ನಾ ಹೆಡ್‌ಮಾಸ್ತರ ಆಗಿ ರಿಟೈರ್ ಆದಾವ. ನನ್ನ ಶಿಷ್ಯರು ಈ ಓಣಿಯಾಗ ಅಡ್ಡಾಡ್ತಾರ. ನೀವು ದಿನಾ ಮುಂಜಾನಿ ಎದ್ದು 'ಹೆಡ್‌ಮಾಸ್ತರ್ರ, ಆ ಕಂಬಕ್ಕ ಕಾಲೆತ್ತಬ್ಯಾಡ್ರಿ' ಅಂತ ಒದರಿದ್ರ ನನಗ ಹ್ಯಾಂಗ ಅನಸಬೇಕು?"

ನಾನು ನಗು ತಡೆಯಲು ಕೆಮ್ಮಿದೆ. ಅತ್ತೆ ಮಾತ್ರ ಗಂಭೀರವಾಗಿ ಯೋಚಿಸಿ, "ಹಂಗಾದ್ರ ನಾಳಿಂದ ಅವರಿಗಿ ಪ್ರಮೋಷನ್ ಕೊಡ್ತೀನ್ರಿ. ಬಿ.ಇ.ಓ. ಅಂತ ಕರೀತೀನಿ" ಎಂದಳು. ಮಾಸ್ತರರ ಮುಖ ಇನ್ನೂ ಕೆಂಪಾಯಿತು. ತಮಗೆ ಸಿಗದೆ ಹೋದ ಹುದ್ದೆ ಅದು! ಸಹಿ ಆಗಲಿಲ್ಲ.

ಮೂರನೆಯ ದಿನ ಹನ್ನೊಂದು ಗಂಟೆಗೆ, ಕಚೇರಿಯ ಗುಮಾಸ್ತರು ಹೇಳಿದ್ದಂತೆ, ಸ್ಥಳ ತಪಾಸಣೆಗೆ ಆರೋಗ್ಯ ಇನ್ಸ್‌ಪೆಕ್ಟರ್ ಬಂದರು. ಅತ್ತೆ ನಸುಕಿನಲ್ಲೇ ಎಲ್ಲರಿಗೂ ಡೆಟಾಲ್ ನೀರಿನ ಜಳಕ ಮಾಡಿಸಿ, ಡಿ.ಸಿ. ಸಾಹೇಬರ ಹಣೆಗೆ ವಿಭೂತಿ ಹಚ್ಚಿದ್ದಳು. ತಾನು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೂರು ಕಾಲಿನ ನಾಯಿ ಕುಂಟುತ್ತ ಬಂದವರನ್ನು ಮೂಸಲು ಹೋಯಿತು. ಅತ್ತೆ ಒಳಗಿನಿಂದಲೇ ಗದರಿದಳು: "ಇನ್ಸ್‌ಪೆಕ್ಟರ್ರ, ಸುಮ್ಮ ಕುಂದರ್ರಿ!" ನಾಯಿ ಕೂತಿತು. ಬಂದ ಅಧಿಕಾರಿಯೂ ತಟ್ಟನೆ ಕಟ್ಟೆಯ ಮೇಲೆ ಕೂತುಬಿಟ್ಟರು.

ಸಾವರಿಸಿಕೊಂಡು ಫಾರಂ ನೋಡಿದರು. "ಹನ್ನೊಂದು ಅಂತ ಬರದೀರಿ. ಇಲ್ಲಿ ಎರಡೇ ಅದಾವಲ್ರಿ?"

ಹೌದು! ಕುರುಡು ಸಾಹೇಬರು ಮತ್ತು ಕುಂಟ ಇನ್ಸ್‌ಪೆಕ್ಟರ್ ಬಿಟ್ಟರೆ ಅಂಗಳದಲ್ಲಿ ಯಾರೂ ಇಲ್ಲ. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಈ ಹೊತ್ತಿನಲ್ಲಿ ಅವಳು ಯಾವತ್ತೂ ಒಲೆ ಬಿಟ್ಟು ಎದ್ದವಳಲ್ಲ, ನಾಯಿಗಳು ಎಲ್ಲಿಗೆ ಹೋಗುತ್ತವೆ ಎಂದು ನೋಡಿದವಳೂ ಅಲ್ಲ. ಎಲ್ಲರೂ ರಸ್ತೆಗೆ ಬಂದು ನೋಡಿದರೆ, ನೀಲಮ್ಮನ ಬಾಗಿಲ ಮುಂದೆ ನಾಲ್ಕು, ಮಾಸ್ತರರ ಗೇಟಿನ ಮುಂದೆ ಐದು ನಾಯಿಗಳು ಪಂಕ್ತಿಗೆ ಕೂತ ಹಾಗೆ ಸಾಲಾಗಿ ಕೂತಿವೆ! ನೀಲಮ್ಮ ಆಗಲೇ ರೊಟ್ಟಿಯ ತುಂಡು ಹಂಚುತ್ತಿದ್ದಳು. ನಮ್ಮನ್ನು ಕಂಡು ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಷ್ಟರಲ್ಲಿ ಮಾಸ್ತರರ ಹೆಂಡತಿ ರೊಟ್ಟಿ ಹಿಡಿದು ಹೊರಗೆ ಬಂದರು. ನಮ್ಮ ಕಡೆಗೆ ನೋಡದೆ ಒಳಗೆ ಕೂಗಿದರು: "ಏನ್ರೀ, ನಿಮ್ಮ ಮಂದಿ ಬಂದಾರ. ದಿನಾ ನೀವ ಹಾಕ್ತೀರಿ, ಇವತ್ತ್ಯಾಕ ನನ್ನ ಕೈಯಾಗ ಕೊಟ್ರಿ?"

ಧೋತರದ ಚುಂಗು ಹಿಡಿದು ಮಾಸ್ತರರು ಹೊರಗೆ ಬಂದರು. ಎಲ್ಲರೂ ಅವರನ್ನೇ ನೋಡಿದೆವು.

"ಕಡೀ ರೊಟ್ಟಿ ನಾಯಿದ್ರಿ. ನಮ್ಮವ್ವನ ಕಾಲದಿಂದ ನಡದು ಬಂದದ್ದು. ತಕರಾರು ಬ್ಯಾರೆ, ರೊಟ್ಟಿ ಬ್ಯಾರೆ!" ಎಂದರು ಮಾಸ್ತರರು ಗತ್ತಿನಿಂದ.

ಇನ್ಸ್‌ಪೆಕ್ಟರ್ ನಕ್ಕು ಪೆನ್ನು ಚಾಚಿದರು. ಮಾಸ್ತರರು, ನಾಯಿಯನ್ನು ಹೆಡ್‌ಮಾಸ್ತರ ಎಂದಷ್ಟೇ ಅಲ್ಲ, ಬಿ.ಇ.ಓ. ಎಂದೂ ಕರೆಯಬಾರದು ಎಂಬ ಷರತ್ತು ಬರೆದು ಸಹಿ ಹಾಕಿದರು. ನೀಲಮ್ಮ ಬಳೆ ಏರಿಸುವ ಹೊತ್ತಿಗೆ ತಹಶೀಲ್ದಾರರನ್ನು ಕಟ್ಟಿಹಾಕಬೇಕು ಎಂದು ಹೇಳಿ ಸಹಿ ಹಾಕಿದಳು. ಗೆದ್ದೆವು ಎಂದುಕೊಂಡೆ.

"ಇದೊಂದು ಉಳದದಲ್ರೀ ಅಮ್ಮ" ಎಂದರು ಇನ್ಸ್‌ಪೆಕ್ಟರ್. ಆ ಖಾಲಿ ಕಾಲಂ. 'ಮಾಲೀಕರ ನಂತರ ನಡೆಸುವ ವಾರಸುದಾರರ ಹೆಸರು.' "ನಿಮಗ ವಯಸ್ಸಾಗ್ಯಾದ. ಇದು ತುಂಬಿದ್ರ ನನ್ನ ವರದಿ ಬರೀತೀನಿ."

ಎಲ್ಲ ಕಾಲಮ್ಮಿಗೂ ತಲೆಹರಟೆ ಉತ್ತರ ಬರೆದ ಅತ್ತೆ ಈಗ ಪೆನ್ನು ಮುಟ್ಟಲಿಲ್ಲ. ಬಗ್ಗಿ ಡಿ.ಸಿ. ಸಾಹೇಬರ ಕಿವಿ ಕೆರೆಯತೊಡಗಿದಳು. ನನ್ನ ಮುಖ ನೋಡದೆ ಮೆಲ್ಲಗೆ ಅಂದಳು: "ನಾ ಹೋದ ಮ್ಯಾಲ ಇವರನ್ನ ಯಾರು ನೋಡ್ತಾರಪ್ಪಾ? ನಿನ್ನ ಕೇಳೋಣು ಅಂತ ಕರಿಸಿದೆ. ನಿನಗ ನಾಯಿ ಅಂದ್ರ ಅಂಜಿಕಿ. ಹ್ಯಾಂಗ ಕೇಳ್ಲಿ?"

ಮೂರು ದಿನ ರಜೆ ಹಾಕಿಸಿದ್ದು ಕಾಗದ ಓದಿಸಲು ಅಲ್ಲ ಎಂದು ಆಗ ತಿಳಿಯಿತು. ಹದಿನಾಲ್ಕು ಸಲ ಸೂಜಿ ಚುಚ್ಚುವಾಗ ಒಂದು ಸಲವೂ ನನ್ನ ಒಪ್ಪಿಗೆ ಕೇಳದ ಅತ್ತೆ, ಇದೊಂದು ಮಾತು ಕೇಳಲು ಮೂರು ದಿನ ಒದ್ದಾಡಿದ್ದಳು. ಪೆನ್ನು ಇಸಿದುಕೊಂಡು ನನ್ನ ಹೆಸರು ಬರೆದೆ. ಅಕ್ಷರ ಸೊಟ್ಟಗಾದವು, ಸುಳ್ಳೇಕೆ ಹೇಳಲಿ, ಸಾಹೇಬರು ಅದೇ ಹೊತ್ತಿಗೆ ನನ್ನ ಪಾದ ನೆಕ್ಕುತ್ತಿದ್ದರು!

ಎಲ್ಲರೂ ಹೋದ ಮೇಲೆ ಅತ್ತೆ ಉಳಿದ ಹಿಟ್ಟು ಬಡಿದಳು. ನಾನು ಒಲೆಯ ಪಕ್ಕ ಉಣ್ಣಲು ಕೂತಿದ್ದೆ. ಕಡೆಯ ರೊಟ್ಟಿ ಹಂಚಿನಿಂದ ಇಳಿಯಿತು. ಅದನ್ನು ಎರಡು ಭಾಗ ಮಾಡಿ ಒಂದನ್ನು ಸಾಹೇಬರ ಬಾಯಿಗೆ ಹಿಡಿದಳು. ಇನ್ನೊಂದನ್ನು ನನ್ನ ತಾಟಿಗೆ ಹಾಕಿದಳು.

"ತಿನ್ನೋ ಮಬ್ಬಾ. ಇನ್ನ ಇದರಾಗ ನಿಂದೂ ಪಾಲು ಅದ."