ನನ್ನ ಮಗಳೂ ಮಾಮಾನ ಬ್ಯಾಕ್ಟೀರಿಯಾವೂ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಬ್ಯಾಕ್ಟೀರಿಯಾಗಳ ಬಳಗವೇ ದೊಡ್ಡದು! ಧಾರವಾಡದಿಂದ ವಡೋದರಾಕ್ಕೆ ಬಂದು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನನ್ನ ಗಂಡನಿಗೆ ಇದೇ ಊರಿಗೆ ಬ್ಯಾಂಕಿನ ವರ್ಗವಾದಾಗ "ಪರವಾಗಿಲ್ಲ, ಅಲ್ಲಿ ಮಾಮಾ ಇದ್ದಾರೆ" ಎಂದು ಸಮಾಧಾನ ಪಟ್ಟುಕೊಂಡಿದ್ದೆ. ಎಂಥ ಅಮಾಯಕಳು ನಾನು!

ಒಮ್ಮೆ ನಮ್ಮ ಅಪಾರ್ಟ್‌ಮೆಂಟಿನವರೊಬ್ಬರ ಮನೆಯ ಮದುವೆ. ಊಟಕ್ಕೆ ಕೂತವರೆಲ್ಲ ಇಲ್ಲಿನ ರೂಢಿಯಂತೆ ರೋಟಿಗೂ ಮೊದಲು ಮೋಹನಥಾಳಕ್ಕೆ ಕೈ ಹಾಕಿದರು. ಸಿಹಿಯೇ ಮೊದಲು! ಮಾಮಾಗೆ ಆನಂದ ತಡೆಯಲಾಗಲಿಲ್ಲ. ಮದುಮಗಳ ತಂದೆಯ ಬೆನ್ನು ತಟ್ಟಿ, "ನೀವು ಥೇಟ್ ಬ್ಯಾಕ್ಟೀರಿಯಾ!" ಎಂದು ಹಿಂದಿಯಲ್ಲಿ ಹೊಗಳಿದರು. ಅಂದಿನಿಂದ ಆ ಮನೆಯವರು ನಮ್ಮನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ.

ಇಂಥವರ ಮುಂದೆ ಸಂಕಟ ತೋಡಿಕೊಂಡದ್ದು ನನ್ನದೇ ತಪ್ಪು. ನನ್ನ ಏಳು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಊಟಕ್ಕ ಬಾ" ಎಂದರೆ ಬರುತ್ತೇನೆ ಎನ್ನಲು ಗುಜರಾತಿಯಲ್ಲಿ "ಆವುಂ ಛುಂ" ಎನ್ನುತ್ತಾಳೆ. ನವರಾತ್ರಿಗೆ ನನ್ನ ಅವ್ವ, ಅಂದರೆ ಮಾಮಾನ ಅಕ್ಕ, ಧಾರವಾಡದಿಂದ ಬರುವವಳಿದ್ದಳು. ಅವಳಿಗೆ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ಫೋನಿನಲ್ಲಿ ಕೇಳಿಯೇ ಬಿಟ್ಟಳು: "ಅಷ್ಟು ದೂರ ಬಂದು ಮೊಮ್ಮಗಳ ಮಾರಿ ನೋಡಕೋತ ಸುಮ್ಮನ ಕೂಡಬೇಕೇನವಾ?" ನನಗೆ ಅನ್ನ ಸೇರಲಿಲ್ಲ.

ಮಾಮಾ ಕೇಳಿದವರೇ ತೊಡೆ ತಟ್ಟಿದರು.

"ಬ್ಯಾಕ್ಟೀರಿಯಾದ ಮುಂದ ಗ್ಲೂಕೋಸು, ಹಾಲಿನ ಸಕ್ಕರಿ ಎರಡೂ ಇಡು. ಮೊದಲ ಯಾವುದು ತಿಂತದ?"

"ಮಾಮಾ, ನಾ ಕೇಳಿದ್ದು ಮಗಳ ಬಗ್ಗೆ!"

"ನಾನೂ ಅದನ್ನ ಹೇಳಾಕತ್ತೀನಿ. ಗ್ಲೂಕೋಸ್ ಸರಳ, ಅದನ್ನ ತಿಂತದ. ಹಾಲಿನ ಸಕ್ಕರಿ ಅರಗಿಸೋ ಜೀನು ಒಳಗ ಇರ್ತಾವ, ಆದ್ರ ಮಲಗಿರ್ತಾವ. ಗ್ಲೂಕೋಸ್ ಮುಗೀತಂದ್ರ ಒಂದು ಪ್ರೋಟೀನ್ ಬಂದು ಡಿಎನ್‌ಎ ಮ್ಯಾಲೆ ಕೂತು ಅವನ್ನ ಎಬ್ಬಸ್ತದ. ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಅಂತಾರ ಅದಕ್ಕ. ನಿನ್ನ ಮಗಳಿಗೆ ಕನ್ನಡ ಹಾಲಿನ ಸಕ್ಕರಿ, ಗುಜರಾತಿ ಭಾಷಾನೇ ಗ್ಲೂಕೋಸು. ಅದನ್ನ ಬಂದ್ ಮಾಡು!"

ಬಂದ್ ಮಾಡಿದೆವು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಕೇಳಿದ್ದು ಸಿಗುತ್ತದೆ, ಇಲ್ಲದಿದ್ದರೆ ಉಪ್ಪಿಟ್ಟು. ಮೊದಲು ಸಿಕ್ಕಿಬಿದ್ದವರು ನನ್ನ ಗಂಡ. ಅಭ್ಯಾಸಬಲದಿಂದ ಹಿಂದಿಯಲ್ಲಿ ಚಹಾ ಕೇಳಿ, ಉಪ್ಪಿಟ್ಟು ನುಂಗಿ ಬ್ಯಾಂಕಿಗೆ ಹೋದರು. ಮಗಳಂತೂ ಬಾಯಿಗೆ ಬೀಗ ಹಾಕಿಕೊಂಡಳು. ಒಂದು ದಿನ, ಎರಡು ದಿನ, ಮೂರು ದಿನ, ಬರೀ ಕೈಸನ್ನೆ! ನಾನು ಅಳುತ್ತಾ ಫೋನ್ ಮಾಡಿದರೆ ಮಾಮಾಗೆ ಹಬ್ಬ.

"ಭಲೇ! ಬ್ಯಾಕ್ಟೀರಿಯಾನೂ ಹಿಂಗ ಸತ್ತಂಗ ಸುಮ್ಮನ ಕೂಡತದ. ಒಳಗ ಜೀನು ಏಳಾಕತ್ತಾವ, ತಡಿ!"

ನಾಲ್ಕನೆಯ ಬೆಳಗ್ಗೆ ತಟ್ಟೆ ನೋಡಿದ ಮಗಳು ಗುಡುಗಿದಳು: "ಉಪ್ಪಿಟ್ಟು ಬ್ಯಾಡ! ದೋಸಿ ಕೊಡು!" ಅಷ್ಟು ಚೆಂದದ ಕನ್ನಡ ನಾನು ಜನ್ಮದಲ್ಲಿ ಕೇಳಿಲ್ಲ. ಕುಣಿಯುತ್ತಾ ದೋಸೆ ಹುಯ್ದೆ, ಒಂದಲ್ಲ, ಆರು!

ಅವ್ವ ವಡೋದರಾ ಸ್ಟೇಷನ್ನಿನಲ್ಲಿ ಇಳಿಯುವುದೇ ತಡ, ಮಗಳು ಓಡಿಹೋಗಿ ಸೆರಗು ಹಿಡಿದು ಮಾಮಾನತ್ತ ಬೆರಳು ಮಾಡಿದಳು. "ಅಜ್ಜಿ, ಈ ಅಜ್ಜ ನನಗ ಮೂರು ದಿನ ಬರೇ ಉಪ್ಪಿಟ್ಟು ತಿನಿಸಿದ! ನನಗ ಭಾಳ ಸಿಟ್ಟು ಬಂದದ!" ಅವ್ವ ಪ್ಲಾಟ್‌ಫಾರ್ಮಿನ ಮೇಲೇ ತಮ್ಮನನ್ನು ಬೈದಳು; ಬೈಯುತ್ತಲೇ ಮೊಮ್ಮಗಳನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಇಬ್ಬರೂ ವಟಗುಟ್ಟುತ್ತಾ, ನಮ್ಮನ್ನೂ ಬ್ಯಾಗುಗಳನ್ನೂ ಮರೆತು ಮುಂದೆ ಹೋಗಿಬಿಟ್ಟರು.

"ಗೆದ್ರಿ ಮಾಮಾ!" ಎಂದು ತಿರುಗಿದೆ. ಅವರು ನಗುತ್ತಿರಲಿಲ್ಲ.

"ನನ್ನ ಮಗಗ ಇದನ್ನ ಮಾಡಲಿಲ್ಲ ನೋಡು," ಎಂದರು. ಅವರ ಮಗ ಸೂರತ್‌ನ ಹಜೀರಾದಲ್ಲಿ ಎಂಜಿನಿಯರ್. ವಡೋದರಾದಲ್ಲೇ ಹುಟ್ಟಿ ಬೆಳೆದವನು, ಕನ್ನಡ ಬಾರದು. "ಆವಾಗ ನನಗ ಲ್ಯಾಬಿಂದ ಪುರುಸೊತ್ತು ಇರಲಿಲ್ಲ. ಈಗ ಪ್ರತಿ ರವಿವಾರ ಫೋನ್ ಮಾಡಿ ಹೌ ಆರ್ ಯೂ ಅಂತ ಕೇಳ್ತಾನ. ಫೈನ್ ಅಂತೀನಿ. ಅದಕ್ಕಿಂತ ಹೆಚ್ಚಿಂದು ನನಗ ಇಂಗ್ಲಿಷ್‌ನ್ಯಾಗ ಹೇಳಾಕ ಬರಂಗಿಲ್ಲವಾ."

ಆಯುಷ್ಯವೆಲ್ಲ ಇಂಗ್ಲಿಷಿನಲ್ಲೇ ಪಾಠ ಹೇಳಿದ ಮನುಷ್ಯ! ನನಗೆ ಕಣ್ಣು ತುಂಬಿ ಬಂತು. ಮಾಮಾನ ಕೈ ಹಿಡಿದುಕೊಂಡೇ ಆಟೋದವರೆಗೆ ನಡೆದೆ.